ಎರಡೂ ಮುಕ್ಕಾಲು ಗಂಟೆ

ಆನೆತ್ತಾ ಫೋನ್ ಮಾಡಿದಾಗ ಮೆನಾಶೆಯ ಕೈಯಲ್ಲಿ ಯಾರದೋ ಕೆಳದವಡೆ ಇತ್ತು. ಪ್ಲಾಸ್ಟರಿನದು. ಹಲ್ಲು ಕಟ್ಟುವ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಅವನ ಕೆಲಸವೇ ಅದು. ಎಂದೂ ಕಾಣದ ಮನುಷ್ಯರ ಬಾಯಿಗಳನ್ನು ಮುಂದಿಟ್ಟುಕೊಂಡು ಮಾತಿಲ್ಲದೆ ಕೂತಿರುವುದು.

"ಮೆನಾಶೆ, ಆ ಟ್ಯಾಂಕಿನ ಸಿನೆಮಾ ಬಂದಿದೆಯಂತಲ್ಲೋ. ನನ್ನ ಕರ್ಕೊಂಡು ಹೋಗು."

"ಯಾವ ಸಿನೆಮಾ?"

"ನಾಟಕ ಆಡ್ಬೇಡ. ಇಡೀ ಕಿರ್ಯತ್ ಹೈಮ್ ಬಡಾವಣೆ ಅದನ್ನೇ ಮಾತಾಡ್ತಿದೆ. ಎಂಬತ್ತೆರಡರ ಯುದ್ಧದ್ದು. ನಾಲ್ಕು ಹುಡುಗರು, ಒಂದು ಟ್ಯಾಂಕು. ನಿಮ್ಮ ಹಾಗೇ."

"ತುಂಬಾ ಗಲಾಟೆ ಸಿನೆಮಾ ಅಂತೆ ಆನೆತ್ತಾ. ನಿಮ್ಮ ಕಿವಿ..."

"ನನ್ನ ಕಿವಿ ಹೋಗಿ ಆರು ವರ್ಷ ಆಯ್ತು. ಗಲಾಟೆ ಇದ್ರೆ ಒಳ್ಳೇದೇ. ಮಂಗಳವಾರ ಬೆಳಿಗ್ಗೆ ಹನ್ನೊಂದರ ಆಟ, ಮುದುಕರಿಗೆ ಅಂತಾನೇ ಇಟ್ಟಿದಾರೆ. ಹತ್ತಕ್ಕೆ ಬಾ. ಕಾರು ತೊಳ್ಕೊಂಡು ಬಾ."

ಫೋನ್ ಕೆಳಗಿಟ್ಟ ಮೇಲೂ ಅವನು ಆ ದವಡೆಯನ್ನು ಹಿಡಿದೇ ಕೂತಿದ್ದ. ಆ ಸಿನೆಮಾವನ್ನು ಅವನು ಆಗಲೇ ಮೂರು ಸಲ ನೋಡಿದ್ದ.

ಅದು ಅವನ ಗುಟ್ಟಿನ ಚಟ. ಸೈನಿಕರ ಸಿನೆಮಾ ಯಾವುದೇ ಬರಲಿ, ವಾರದ ನಡುವೆ ಒಂದು ಮಧ್ಯಾಹ್ನದ ಆಟಕ್ಕೆ ಒಬ್ಬನೇ ಹೋಗುತ್ತಿದ್ದ. ಕೊನೆಯ ಸಾಲು, ದಾರಿಯ ಪಕ್ಕದ ಕುರ್ಚಿ. ದೀಪ ಆರಿದ ಹತ್ತು ನಿಮಿಷಕ್ಕೆ ಅಳು ಶುರುವಾಗುತ್ತಿತ್ತು. ಯಾರಾದರೂ ಸಾಯುವಾಗಲ್ಲ. ಒಬ್ಬ ಹುಡುಗ ಇನ್ನೊಬ್ಬನ ಸಿಗರೇಟಿಗೆ ಬೆಂಕಿ ಹಿಡಿಯುವಾಗ, ಒಂದೇ ಡಬ್ಬಿಯ ಜೋಳವನ್ನು ಮೂವರು ಒಂದೇ ಚಮಚದಲ್ಲಿ ತಿನ್ನುವಾಗ, ರಜೆಯಲ್ಲಿ ಮನೆಗೆ ಬಂದವನು ಬೂಟು ಬಿಚ್ಚದೆ ಸೋಫಾದ ಮೇಲೆ ನಿದ್ದೆಹೋದಾಗ. ಹೊರಗೆ ಬಿಸಿಲಿಗೆ ಬಂದರೆ ಎಲ್ಲ ಒಣಗಿಹೋಗುತ್ತಿತ್ತು. ಸ್ವಂತ ಅಪ್ಪನನ್ನು ಮಣ್ಣು ಮಾಡುವಾಗ ಕೂಡ ಅವನ ಕಣ್ಣು ತೇವವಾಗಿರಲಿಲ್ಲ.

ಒಂದು ಸಲ ಹೆಂಡತಿ ಓರ್ನಾಳಿಗೆ ಅವನ ಪ್ಯಾಂಟಿನ ಜೇಬಿನಲ್ಲಿ ಐದು ಟಿಕೆಟ್ಟಿನ ತುಂಡುಗಳು ಸಿಕ್ಕವು. ಎಲ್ಲವೂ ಒಂಟಿ ಟಿಕೆಟ್ಟು, ಎಲ್ಲವೂ ಬುಧವಾರ.

"ಇನ್ನೊಬ್ಬಳು ಇದ್ದಿದ್ರೆ ನನಗೆ ಅರ್ಥ ಆಗ್ತಿತ್ತು ಕಣೋ. ಜಗಳ ಆಡಬಹುದಿತ್ತು. ಸಿನೆಮಾ ನೋಡಿ ಅತ್ಕೊಂಡು ಬರ್ತಾನೆ ಅಂತ ಯಾರ ಹತ್ರ ಹೇಳ್ಕೊಳ್ಳಲಿ?"

"ಯಾರ ಹತ್ರಾನೂ ಹೇಳ್ಬೇಡ."

"ನನ್ನ ಹತ್ರ ಅಳಕ್ಕೆ ಏನು ಕಷ್ಟ? ನಾನೂ ದೀಪ ಆರಿಸ್ತೀನಿ ಬೇಕಾದ್ರೆ."

ಅವನು ಆ ತುಂಡುಗಳನ್ನು ಹರಿದು ಕಸದ ಬುಟ್ಟಿಗೆ ಹಾಕಿದ.

ನಡೆದದ್ದು ಇಷ್ಟು. ಇಪ್ಪತ್ತೆಂಟು ವರ್ಷದ ಹಿಂದೆ, ಯುದ್ಧ ಶುರುವಾದ ನಾಲ್ಕನೆಯ ದಿನ, ಲೆಬನಾನಿನ ಒಂದು ಕಿತ್ತಳೆ ತೋಟದ ಅಂಚಿನಲ್ಲಿ ಅವರ ಟ್ಯಾಂಕಿಗೆ ಪೆಟ್ಟು ಬಿದ್ದಿತು. ಸರಪಳಿ ಕಳಚಿ ಹಳ್ಳಕ್ಕೆ ಜಾರಿ ನಿಂತಿತು. ಮೇಲಿನ ಮುಚ್ಚಳ ತೆಗೆದರೆ ಗುಂಡು. ಸಿಡಿದ ಕಬ್ಬಿಣದ ತುಣುಕೊಂದು ಗುರಿಗಾರ ಎಯಾಲನ ಹೊಟ್ಟೆಗೆ ಹೊಕ್ಕಿತ್ತು. ಗುಂಡು ತುಂಬುವವನು ಮೆನಾಶೆ. ಅವನು ತನ್ನ ಅಂಗಿಯನ್ನೇ ಮುದ್ದೆ ಮಾಡಿ ಆ ಗಾಯಕ್ಕೆ ಒತ್ತಿ ಹಿಡಿದಿದ್ದ. ರೇಡಿಯೋದಲ್ಲಿ 'ಕಾಯಿರಿ' ಎಂದರು. ಎರಡೂ ಮುಕ್ಕಾಲು ಗಂಟೆ ಕಾದರು. ಅಷ್ಟು ಹೊತ್ತೂ ಎಯಾಲ್ ಮಾತಾಡುತ್ತಲೇ ಇದ್ದ. ಆಮೇಲೆ ಮಾತು ನಿಂತಿತು.

ಏಳು ದಿನದ ಸೂತಕದ ಎರಡನೆಯ ದಿನ ಅವರಲ್ಲಿ ಇಬ್ಬರು ಎಯಾಲನ ಮನೆಗೆ ಹೋದರು. ಮೆಟ್ಟಿಲ ಕೆಳಗೆ ನಿಂತು ಟ್ಯಾಂಕಿನ ಕಮಾಂಡರ್ ನಿಮ್ರೋದ್ ಹೇಳಿದ: "ತಕ್ಷಣ ಹೋದ. ಅವನಿಗೆ ಗೊತ್ತೇ ಆಗ್ಲಿಲ್ಲ. ಇದರ ಮೇಲೆ ಒಂದು ಮಾತು ಬೇಡ. ಗೊತ್ತಾಯ್ತಾ?" ಆಗ ನಿಮ್ರೋದನಿಗೆ ಇಪ್ಪತ್ತೆರಡು. ಮೆನಾಶೆಗೆ ಇಪ್ಪತ್ತು. ಬಾಗಿಲಲ್ಲಿ ನಿಂತಿದ್ದ ತಾಯಿ ಆನೆತ್ತಾ ಬೇರೆ ಏನನ್ನೂ ಕೇಳಲಿಲ್ಲ. "ನೋವಾಯ್ತಾ ಅವನಿಗೆ?" ಎಂದಳು. ಮುಂದಿದ್ದವನು ಮೆನಾಶೆ. "ಇಲ್ಲ. ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಎಲ್ಲ ಮುಗಿದಿತ್ತು" ಎಂದ. ಆ ಮಾತು ಅಂದಿನಿಂದ ಅವನ ಗಂಟಲಲ್ಲಿ ಬಿಸಿತುಪ್ಪವಾಗಿ ನಿಂತುಬಿಟ್ಟಿತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಾಲ್ಕನೆಯವನು, ಟ್ಯಾಂಕಿನ ಚಾಲಕ, ಅದೇ ವರ್ಷ ದೇಶ ಬಿಟ್ಟು ಬ್ರೆಜಿಲ್ ಸೇರಿದ. ಉಳಿದ ಇಬ್ಬರು ಪ್ರತಿವರ್ಷ ಮಡಿದ ಸೈನಿಕರ ಸ್ಮರಣೆಯ ದಿನ ಸ್ಮಶಾನದಿಂದ ನೇರ ಆನೆತ್ತಾಳ ಮನೆಗೆ ಹೋಗಿ, ಅವಳು ಬಡಿಸಿದ್ದನ್ನು ತಿಂದು, ಅವೇ ನಾಲ್ಕು ತಮಾಷೆಯ ಕಥೆಗಳನ್ನು ಹೇಳಿ ಬರುತ್ತಿದ್ದರು.

ಆ ಸಂಜೆ ಮೆನಾಶೆ ನಿಮ್ರೋದನಿಗೆ ಫೋನ್ ಮಾಡಿದ. ನಿಮ್ರೋದ್ ಈಗ ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯ. ದನಿ ಮಾತ್ರ ಇನ್ನೂ ಟ್ಯಾಂಕಿನ ಮೇಲೆ ನಿಂತವನದೇ.

"ಕರ್ಕೊಂಡು ಹೋಗ್ಬೇಡ."

"ನಾನು ಹೋಗ್ದಿದ್ರೆ ಪಕ್ಕದ ಮನೆಯವಳ ಜೊತೆ ಹೋಗ್ತಾಳೆ."

"ಸಿನೆಮಾದಲ್ಲಿ ಅದೆಲ್ಲ ಇದೆಯಾ?"

"ಇದೆ. ಒಬ್ಬನಿಗೆ ಹೊಟ್ಟೆಗೆ ಪೆಟ್ಟು ಬೀಳತ್ತೆ. ನಿಧಾನ."

"ಹಾಗಾದ್ರೆ ಪಕ್ಕದಲ್ಲೇ ಕೂತಿರು. ಆ ಭಾಗ ಬಂದಾಗ ಏನಾದ್ರೂ ಮಾಡು. ಕೆಮ್ಮು."

"ಇಪ್ಪತ್ತು ನಿಮಿಷ ಕೆಮ್ಮಲಾ?"

"ಕೆಮ್ಮು. ಆಜ್ಞೆ ಅಂತ ತಿಳ್ಕೋ."

ಇಬ್ಬರೂ ನಗಲಿಲ್ಲ.

ಮಂಗಳವಾರ ಆನೆತ್ತಾ ನೀಲಿ ಉಡುಪು ಹಾಕಿ, ತುಟಿಗೆ ಬಣ್ಣ ಹಚ್ಚಿ, ಚೀಲದಲ್ಲಿ ವೇಫರ್ ಬಿಸ್ಕತ್ತಿನ ಪೊಟ್ಟಣ ಇಟ್ಟುಕೊಂಡು ಕೆಳಗೇ ಕಾಯುತ್ತಿದ್ದಳು. ಅವಳಿಗೆ ಎಪ್ಪತ್ತಾರು. ಗಂಡ ಮಾರ್ಚೆಲ್ ಹೋಗಿ ಹತ್ತು ವರ್ಷ. ಚಿತ್ರಮಂದಿರ ಹೈಫಾ ನಗರದ ಕಾರ್ಮೆಲ್ ಬೆಟ್ಟದ ಮೇಲೆ. ದಾರಿಯುದ್ದಕ್ಕೂ ಅವಳು ಮೆನಾಶೆಯ ಗೇರು ಹಾಕುವ ರೀತಿಯನ್ನು ಟೀಕಿಸಿದಳು.

ಕುರ್ಚಿ ಆರಿಸಿದವಳೂ ಅವಳೇ. ಸರಿಯಾಗಿ ನಡುವಿನ ಸಾಲು. ಎಡಗಡೆ ಅವಳು, ಅವಳಾಚೆ ಊರುಗೋಲು ಹಿಡಿದ ನಾಲ್ವರು ಹೆಂಗಸರು. ಬಲಗಡೆ ಭಾರಿ ಮೈಯ ಒಬ್ಬ ಮುದುಕ, ಅವನಾಚೆ ಅವನ ಹೆಂಡತಿ, ಆಮೇಲೆ ಗೋಡೆ. ದೀಪ ಆರಿದಾಗ ಮೆನಾಶೆ ದಾರಿಯ ಕಡೆ ನೋಡಿದ. ಅಲ್ಲಿಗೆ ಹೋಗಬೇಕಾದರೆ ಹತ್ತು ಮೊಣಕಾಲು ದಾಟಬೇಕು.

ಸಿನೆಮಾ ಪೂರ್ತಿ ಟ್ಯಾಂಕಿನ ಒಳಗೇ ನಡೆಯುತ್ತಿತ್ತು. ಎಣ್ಣೆ ಬೆವರುವ ಕಬ್ಬಿಣದ ಗೋಡೆ, ನಾಲ್ಕು ಮುಖ. ಹೊರಜಗತ್ತು ಕಾಣುವುದು ಗುರಿಗಾರನ ದುರ್ಬೀನಿನ ವೃತ್ತದಲ್ಲಿ ಮಾತ್ರ: ಒಂದು ಕತ್ತೆ, ಒಂದು ಮುರಿದ ಬಾಲ್ಕನಿ, ಕೈಯೆತ್ತಿ ನಿಂತ ಒಬ್ಬ ಹೆಂಗಸು.

"ಆ ಹೆಲ್ಮೆಟ್ ತಪ್ಪು" ಎಂದ ಬಲಗಡೆಯ ಮುದುಕ, ಗಟ್ಟಿಯಾಗಿ. "ಎಂಬತ್ತೆರಡರಲ್ಲಿ ಅದು ಬಂದೇ ಇರ್ಲಿಲ್ಲ."

"ನಿನ್ನ ಯುದ್ಧ ಮನೇಲಿ ಮಾಡ್ಕೋ" ಎಂದಳು ಅವನ ಹೆಂಡತಿ.

"ತಪ್ಪನ್ನ ತಪ್ಪು ಅನ್ನಬಾರ್ದಾ?"

"ಮೂವತ್ತೇಳು ವರ್ಷದಿಂದ ಕೇಳ್ತಿದೀನಿ ಎಪ್ಪತ್ಮೂರರ ಯುದ್ಧದಲ್ಲಿ ನೀನು ಕಾಲುವೆ ದಾಟಿದ ಕಥೆ. ಇವತ್ತು ಬೇರೆಯವರ ಸರದಿ. ಬಾಯಿ ಮುಚ್ಚು."

ಹಿಂದಿನಿಂದ ಯಾರೋ ಸುಮ್ಮನಿರಿ ಎಂದರು. ಆನೆತ್ತಾ ವೇಫರ್ ಪೊಟ್ಟಣ ಹರಿದು ಮೆನಾಶೆಯ ಕೈಗೆ ಒಂದು ಇಟ್ಟಳು. ತೆರೆಯ ಮೇಲೆ ಒಬ್ಬ ಹುಡುಗ ಇನ್ನೊಬ್ಬನ ಕುತ್ತಿಗೆಯ ಬೆವರನ್ನು ತನ್ನ ಟೋಪಿಯಿಂದ ಒರೆಸಿದ. ಇನ್ನೇನು ಅಳು ಬಂತು ಎಂದು ಮೆನಾಶೆಗೆ ಗೊತ್ತಾಯಿತು. ಅವನು ಹಲ್ಲು ಕಚ್ಚಿದ. ವೇಫರ್ ಅಂಗೈಯಲ್ಲಿ ಪುಡಿಯಾಯಿತು.

ಪೆಟ್ಟು ಬಿದ್ದಿತು. ಹೊಗೆ, ಕೂಗಾಟ. ಹೊಂಗೂದಲ ಹುಡುಗ ಹೊಟ್ಟೆ ಹಿಡಿದು ಕೆಳಗೆ ಕುಸಿದ. ಮೆನಾಶೆ ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ. "ನೀರು ಕುಡಿ" ಎಂದು ಆನೆತ್ತಾ ತೆರೆಯಿಂದ ಕಣ್ಣು ತೆಗೆಯದೆ ಬಾಟಲಿ ಕೊಟ್ಟಳು. ಇನ್ನು ಕೆಮ್ಮುವುದಕ್ಕೂ ಆಗದಂತಾಯಿತು.

ಸಿನೆಮಾದ ಹುಡುಗ ಚೆನ್ನಾಗಿ ಸಾಯುತ್ತಿದ್ದ. ಅವನ ಮಾತುಗಳು ಅಚ್ಚುಕಟ್ಟಾಗಿದ್ದವು. ಗೆಳೆಯನ ತೊಡೆಯ ಮೇಲೆ ತಲೆಯಿಟ್ಟು ತಾಯಿಯನ್ನು ಕರೆದ, ಸಮುದ್ರದ ವಿಷಯ ಹೇಳಿದ. ಎಯಾಲ್ ಹಾಗೆ ಹೇಳಿರಲಿಲ್ಲ. ಎಯಾಲ್ ನೀರು ಕೇಳಿದ. ನಿಮ್ರೋದನನ್ನು ಬೈದ. ಯಾವುದೋ ಸ್ವೆಟರಿನ ವಿಷಯ ಹೇಳಿದ. ಹಡಗಿನಲ್ಲಿ ಅಡುಗೆಯವನಾಗುತ್ತೇನೆ ಎಂದ. ಕೊನೆಯ ಅರ್ಧ ಗಂಟೆ ಮಾತ್ರ ಬೇರೆಯದೇ ಭಾಷೆಗೆ ಹೊರಳಿಬಿಟ್ಟ. ಮನೆಯ ಭಾಷೆಗೆ, ರುಮೇನಿಯನ್ನಿಗೆ. ಮೆನಾಶೆಯ ಮನೆಯವರು ಮೊರಾಕ್ಕೋದಿಂದ ಬಂದವರು, ಅವನಿಗೆ ಅದರ ಒಂದಕ್ಷರ ತಿಳಿಯದು. ಒಂದೇ ವಾಕ್ಯ, ಇಪ್ಪತ್ತು ಸಲವೋ ಮೂವತ್ತು ಸಲವೋ. ದನಿ ಇಳಿಯುತ್ತಾ ಇಳಿಯುತ್ತಾ. ಆ ಸದ್ದು ಮೆನಾಶೆಯ ಕಿವಿಯಲ್ಲಿ ಹಾಗೇ ಕೂತಿದೆ. ಹೈಫಾದಲ್ಲಿ ರುಮೇನಿಯನ್ ಬಲ್ಲವರಿಗೆ ಬರವಿಲ್ಲ. ಲ್ಯಾಬಿನಲ್ಲಿ ಪಕ್ಕದ ಮೇಜಿನವನೇ ಬಲ್ಲ. ಅದರ ಅರ್ಥವೇನೆಂದು ಮೆನಾಶೆ ಯಾರನ್ನೂ ಕೇಳಿರಲಿಲ್ಲ. 'ಅಮ್ಮಾ, ಕಾಪಾಡು' ಎಂದಿದ್ದರೆ? 'ಇವರು ನನ್ನನ್ನು ಬಿಟ್ಟರು' ಎಂದಿದ್ದರೆ?

ಅವನ ಭುಜ ಕುಲುಕತೊಡಗಿತು. ಸದ್ದು ಬಂದೇಬಿಟ್ಟಿತು. ಸಾಲಿನ ಊರುಗೋಲುಗಳೆಲ್ಲ ಅವನತ್ತ ತಿರುಗಿದವು. ಆನೆತ್ತಾ ಅವನ ಕೈಯನ್ನು ತನ್ನ ಎರಡು ಒಣ ಕೈಗಳ ನಡುವೆ ಹಿಡಿದಳು.

"ಅಳು ಅಳು. ಸಿನೆಮಾ ಕಣೋ ಅದು. ಆ ಹುಡುಗ ಈಗ ಎಲ್ಲೋ ಕೂತು ಕಾಫಿ ಕುಡೀತಿರ್ತಾನೆ."

ಎದ್ದು ಹೋಗಬೇಕೆನಿಸಿತು. ಒಂದು ಕಡೆ ಅವಳ ಹಿಡಿತ. ಇನ್ನೊಂದು ಕಡೆ ಆ ಮುದುಕ, ಅವನೂ ಈಗ ಹೆಲ್ಮೆಟ್ ಮರೆತು ತೋಳಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ.

ಹೊರಗೆ ಬಂದ ಮೇಲೆ ಆನೆತ್ತಾ ತಕ್ಷಣ ಮನೆಗೆ ಹೋಗಲು ಒಪ್ಪಲಿಲ್ಲ. ಬೆಟ್ಟದಂಚಿನ ಕಾಲುದಾರಿಯ ಬೆಂಚಿನ ಮೇಲೆ ಕೂತರು. ಕೆಳಗೆ ಕೊಲ್ಲಿ, ಬಂದರಿನ ಕ್ರೇನುಗಳು, ದೂರದಲ್ಲಿ ಎಣ್ಣೆ ಕಾರ್ಖಾನೆಯ ಹೊಗೆ. ಅವಳು ಅತ್ತಿರಲಿಲ್ಲ. ತುಟಿಯ ಬಣ್ಣ ಕೂಡ ಕೆಟ್ಟಿರಲಿಲ್ಲ.

"ಆ ಹುಡುಗನ ಅಮ್ಮನ ಮೇಲೆ ನನಗೆ ಹೊಟ್ಟೆಕಿಚ್ಚಾಯ್ತು" ಎಂದಳು.

ಮೆನಾಶೆ ಅವಳ ಕಡೆ ತಿರುಗಿದ.

"ನಾಚಿಕೆಗೆಟ್ಟ ಮಾತು, ಗೊತ್ತು. ಇಷ್ಟು ವರ್ಷ ನಾನು ಬೇರೆ ತಾಯಂದಿರ ಎದುರು ತಲೆ ಎತ್ಕೊಂಡು ಓಡಾಡ್ದೆ. ನನ್ನವನು ನರಳಲಿಲ್ಲ ಅಂತ. ಪಕ್ಕದ ಸಮಾಧಿಗೆ ಬರೋ ದೀನಾ ಇದ್ದಾಳಲ್ಲ, ಅವಳ ಮಗ ಆಸ್ಪತ್ರೇಲಿ ಒಂಬತ್ತು ದಿನ ಇದ್ದ. ಅವಳಿಗೆ ನಾನು ಸಮಾಧಾನ ಹೇಳ್ತಿದ್ದೆ! ಇವತ್ತು ಅಲ್ಲಿ ಕೂತು ಅನ್ನಿಸ್ತು, ಅವಳಿಗೆ ಒಂಬತ್ತು ದಿನ ಸಿಕ್ತು. ಈ ಸಿನೆಮಾದವಳಿಗೆ ಒಂದು ಮಧ್ಯಾಹ್ನ ಸಿಕ್ತು. ಯಾರೋ ಒಬ್ಬ ಬಂದು 'ಇಂಥ ಮಾತು ಹೇಳ್ದ' ಅಂತ ಹೇಳ್ತಾನೆ ಅವಳಿಗೆ. ನನಗೆ? ಕಣ್ಣು ಮುಚ್ಚಿ ತೆರೆಯೋದ್ರೊಳಗೆ. ಅಷ್ಟರಲ್ಲಿ ಏನು ಹಿಡಿಯತ್ತೆ, ಹೇಳು?"

"ನೋವು ಇರ್ಲಿಲ್ಲ, ಆನೆತ್ತಾ."

"ನೋವು ಬೇಡ ಅಂದವಳು ನಾನೇ. ಈಗ ಮುದುಕಿ ಆಗಿ ದುರಾಸೆ ಬಂದಿದೆ." ಅವಳು ಮಡಿಲ ಮೇಲಿನ ವೇಫರ್ ಚೂರು ಕೊಡವಿದಳು. "ಇನ್ನೊಂದು ವಿಷಯ. ಆ ಹುಡುಗ ಅಮ್ಮನ್ನ ಕರೆದ್ನಲ್ಲ. ನನ್ನವನು ನನ್ನನ್ನ ಏನಂತ ಕರೀತಿದ್ದ? ಏಳನೇ ವಯಸ್ಸಿಗೆ ರುಮೇನಿಯನ್ ಬಿಟ್ಟ. ಬಸ್ಸಲ್ಲಿ ನಾನು ಬಾಯಿ ತೆಗೆದ್ರೆ ಮೂರು ಹೆಜ್ಜೆ ದೂರ ಹೋಗಿ ನಿಲ್ತಿದ್ದ. 'ಅಮ್ಮಾ, ಇಲ್ಲಿ ಹೀಬ್ರೂ ಮಾತಾಡು.' ನಾನು ರುಮೇನಿಯನ್ನಲ್ಲಿ ಕೇಳೋದು, ಅವನು ಹೀಬ್ರೂನಲ್ಲಿ ಉತ್ತರ ಕೊಡೋದು. ಹನ್ನೆರಡು ವರ್ಷ. ಸಾಯೋತನಕ ಒಂದು ಶಬ್ದ ಆಡಲಿಲ್ಲ."

ಮೆನಾಶೆಯ ನಾಲಿಗೆಯ ಮೇಲೆ ಆ ವಾಕ್ಯ ಬಂದು ನಿಂತಿತು. ಸಾಯೋತನಕ ಆಡಲಿಲ್ಲ. ಸಾಯುವಾಗ ಆಡಿದ. ಅದನ್ನು ಕೊಟ್ಟರೆ ಉಳಿದದ್ದನ್ನೂ ಕೊಡಬೇಕಾಗುತ್ತದೆ. ಆ ಅರ್ಧ ಗಂಟೆಯನ್ನು, ಅದರ ಹಿಂದಿನ ಎರಡೂ ಕಾಲು ಗಂಟೆಯನ್ನು, ಅಂಗಿಯ ಮುದ್ದೆಯನ್ನು, ಮೆಟ್ಟಿಲ ಕೆಳಗೆ ನಿಂತು ಮಾತು ಹೊಂದಿಸಿಕೊಂಡ ಇಬ್ಬರು ಹುಡುಗರನ್ನು. ಇಪ್ಪತ್ತೆಂಟು ವರ್ಷ ಅವಳ ಮೇಜಿನಲ್ಲಿ ಉಂಡದ್ದನ್ನು.

ಏನಾದರೂ ಕೊಡಲೇಬೇಕಿತ್ತು. ಅವಳ ಬರಿಗೈ ಅವನ ಪಕ್ಕದಲ್ಲೇ ಇತ್ತು.

"ಆ ದಿನ ಬೆಳಿಗ್ಗೆ..." ಎಂದ. ದನಿ ತನ್ನದಲ್ಲವೆನ್ನಿಸಿತು. "ಹೊರಡೋ ಮುಂಚೆ. ಕಾಫಿ ಕುಡೀತಿದ್ವಿ. ಒಂದು ಸ್ವೆಟರ್ ವಿಷಯ ಹೇಳ್ದ."

"ಯಾವ ಸ್ವೆಟರ್?"

"ಹಸಿರು. ನೀವು ಹೆಣೆದಿದ್ದಂತೆ. ಶಿಬಿರದಲ್ಲಿ ಕಳ್ಳತನ ಆಯ್ತು ಅಂತ ನಿಮಗೆ ಹೇಳಿದ್ನಂತೆ. ಕಳ್ಳತನ ಆಗಿರ್ಲಿಲ್ಲ. ಒಬ್ಬಳು ಹುಡುಗಿಗೆ ಕೊಟ್ಟಿದ್ದ. ಅಮ್ಮನಿಗೆ ಹೇಳ್ಬಿಡು, ನನಗೆ ಮುಖ ಇಲ್ಲ ಅಂದ."

ಆನೆತ್ತಾಳ ಬಾಯಿ ತೆರೆದೇ ಇತ್ತು. ಆಮೇಲೆ ಅವಳು ನಕ್ಕಳು. ಬೆಂಚು ಅಲುಗುವಷ್ಟು ನಕ್ಕಳು. "ಕಳ್ಳ! ನಾನು ಆ ಶಿಬಿರದ ಮೇಲಧಿಕಾರಿಗೆ ಕಾಗದ ಬರೆದಿದ್ದೆ ಕಣೋ! ಸ್ವೆಟರ್ ಹುಡುಕಿಕೊಡಿ ಅಂತ! ಇದನ್ನ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಮರ್ತಿದ್ದೆ. ಸಿನೆಮಾ ನೋಡಿ ನೆನಪಾಯ್ತು."

"ಸೋಮವಾರ ಸ್ಮರಣೆಯ ದಿನ ಮನೆಗೆ ಬರ್ತೀರಲ್ಲ, ಆಗ ಮತ್ತೆ ಹೇಳ್ಬೇಕು. ನಿಮ್ರೋದನ ಎದುರಿಗೆ. ಪೂರ್ತಿ."

ಸೋಮವಾರ ಹನ್ನೊಂದಕ್ಕೆ ಸೈರನ್ ಕೂಗಿದಾಗ ಅವರು ಸಮಾಧಿಯ ಎದುರು ನಿಂತಿದ್ದರು. ಎರಡು ನಿಮಿಷ ಇಡೀ ದೇಶ ಇದ್ದಲ್ಲೇ ನಿಲ್ಲುವ ಹೊತ್ತು. ಸಾವಿರಾರು ಜನರ ನಡುವೆ ಒಂದು ನಲ್ಲಿಯ ತೊಟ್ಟಿಕ್ಕುವ ಸದ್ದು ಮೆನಾಶೆಗೆ ಕೇಳುತ್ತಿತ್ತು. ಪಕ್ಕದಲ್ಲಿ ನಿಮ್ರೋದ್ ನೆಟ್ಟಗೆ ನಿಂತಿದ್ದ. ಅವನಿಗೆ ಇನ್ನೂ ಏನೂ ಹೇಳಿರಲಿಲ್ಲ.

ಮನೆಯಲ್ಲಿ ಎಂದಿನಂತೆ ಎಲೆಕೋಸಿನ ಸುರುಳಿ, ಸುಟ್ಟ ಬದನೆಯ ಪಲ್ಯ. ಊಟವಾದ ಮೇಲೆ ಚಿಕ್ಕ ತಟ್ಟೆಯಲ್ಲಿ ಒಂದೊಂದು ಚಮಚ ಹುಳಿಚೆರ್ರಿ ಜಾಮು, ಪಕ್ಕದಲ್ಲಿ ತಣ್ಣೀರು. ಆನೆತ್ತಾ ಮೇಜಿನ ತುದಿಯಲ್ಲಿ ಕೂತು ಅಂಗೈ ತಟ್ಟಿದಳು.

"ಹೂಂ, ಶುರು ಮಾಡು. ಸ್ವೆಟರು."

ನಿಮ್ರೋದನ ಚಮಚ ಬಾಯಿಯ ಹತ್ತಿರವೇ ನಿಂತಿತು. ಮೆನಾಶೆ ಅವನ ಮುಖ ನೋಡದೆ ಹೇಳಿದ. ಆ ಬೆಳಿಗ್ಗೆ, ಕಾಫಿ, ಹಸಿರು ಸ್ವೆಟರು, ಹುಡುಗಿ. ಮುಗಿಸಿದ ಮೇಲೆ ಕಣ್ಣೆತ್ತಿದ. ನಿಮ್ರೋದ್ ಎಲ್ಲವನ್ನೂ ಕ್ಷಣದಲ್ಲಿ ಲೆಕ್ಕ ಹಾಕಿದ್ದು ಅವನಿಗೆ ಕಾಣಿಸಿತು. ಈ ಮಾತು ಯಾವಾಗ ಆಡಿದ್ದು, ಯಾವ ಕತ್ತಲೆಯಲ್ಲಿ, ಅದನ್ನು ಎಲ್ಲಿಗೆ ಎತ್ತಿ ತಂದಿಡಲಾಗಿದೆ.

"ನಿನಗೆ ಗೊತ್ತಿತ್ತಾ?" ಎಂದು ಆನೆತ್ತಾ ಕೇಳಿದಳು.

ನಿಮ್ರೋದ್ ಚಮಚ ಕೆಳಗಿಟ್ಟ. "ಗೊತ್ತಿತ್ತು" ಎಂದ. "ಆ ಬೆಳಿಗ್ಗೆ ನನ್ನನ್ನೂ ಬೈದ."

"ಯಾಕೆ?"

"ನಾನು ಹಾಡ್ತಿದ್ದೆ. 'ನೀನು ಕೆಟ್ಟ ಕಮಾಂಡರ್, ಅದನ್ನ ಹೇಗೋ ಸಹಿಸ್ಕೊತೀನಿ. ಹಾಡಬೇಡ' ಅಂದ."

"ನೀನು ಹಾಡ್ತಿದ್ಯಾ? ನೀನು?"

"ಹಾಡ್ತಿದ್ದೆ."

ಅವನು ಹಾಡಿದ್ದು ಎಯಾಲ್ ನಿದ್ದೆಗೆ ಜಾರದಿರಲೆಂದು. ಇಪ್ಪತ್ತೆಂಟು ವರ್ಷದಲ್ಲಿ ಈ ಮಾತನ್ನು ಅವರಿಬ್ಬರು ತಮ್ಮತಮ್ಮಲ್ಲೂ ಆಡಿರಲಿಲ್ಲ. ಈಗ ಅದು ಮೇಜಿನ ಮೇಲೆ, ಜಾಮಿನ ತಟ್ಟೆಗಳ ನಡುವೆ, ಬೆಳಗಿನ ವೇಷ ಹಾಕಿಕೊಂಡು ಬಂದು ಕೂತಿತು. ಮೆನಾಶೆಗೆ ವಿಚಿತ್ರವಾದ ಧೈರ್ಯ ಬಂದಿತು. "ಹಡಗಲ್ಲಿ ಅಡುಗೆಯವನಾಗ್ತೀನಿ ಅಂದ" ಎಂದ.

"ಅಡುಗೆಯವನು!" ಆನೆತ್ತಾ ಹಣೆ ಚಚ್ಚಿಕೊಂಡಳು. "ಮೊಟ್ಟೆ ಒಡೆಯೋಕೆ ಬರ್ತಿರ್ಲಿಲ್ಲ ಅವನಿಗೆ. ಹಡಗಿನವರೆಲ್ಲ ಸಮುದ್ರಕ್ಕೆ ಹಾರ್ಕೊಳ್ತಿದ್ರು."

"ನಿನ್ನ ಕಾಲು ನಾರ್ತಿದೆ ಅಂತ ನನಗೆ ಹೇಳ್ದ" ಎಂದ ನಿಮ್ರೋದ್.

"ನನ್ನ ಮದುವೆಗೆ ಬರಲ್ಲ ಅಂದ, ನನ್ನ ಕಡೆಯವರ ಊಟ ಖಾರ ಅಂತ" ಎಂದ ಮೆನಾಶೆ.

ಒಬ್ಬನಾದ ಮೇಲೆ ಒಬ್ಬ ಎತ್ತಿ ಎತ್ತಿ ತಂದು ಸುರಿದರು. ಆ ಬೆಳಿಗ್ಗೆ ಉದ್ದವಾಗುತ್ತಾ ಹೋಯಿತು. ಕಾಫಿ ಆರಲಿಲ್ಲ, ಟ್ಯಾಂಕು ಹೊರಡಲಿಲ್ಲ. ಆನೆತ್ತಾ ಕಣ್ಣೊರೆಸಿಕೊಂಡು ನಕ್ಕಳು, ಇನ್ನೊಂದು ಕೇಳಿದಳು, ಮತ್ತೆ ನಕ್ಕಳು. ಕೊನೆಗೆ ಇಬ್ಬರ ಹತ್ತಿರವೂ ಏನೂ ಉಳಿಯಲಿಲ್ಲ. ಒಂದರ ಹೊರತು.

"ಒಳ್ಳೇ ಬೆಳಿಗ್ಗೆ" ಎಂದಳು ಅವಳು. ನಗು ಮುಖದಿಂದ ನಿಧಾನಕ್ಕೆ ಇಳಿಯಿತು. "ಎಲ್ಲರ ಸುದ್ದಿ ಮಾತಾಡಿದಾನೆ. ಅಡುಗೆ, ಹುಡುಗಿ, ಕಾಲು. ಸ್ವೆಟರ್ ಕಳ್ಳತನ ಆಗಿಲ್ಲ ಅಂತಾನೂ ಹೇಳಿದಾನೆ. ನನ್ನನ್ನ ಮಾತ್ರ ಕರೀಲಿಲ್ಲ. ಇರ್ಲಿ. ಬೆಳಿಗ್ಗೆ ಹೊತ್ತು ಯಾರು ಅಮ್ಮನ್ನ ಕರೀತಾರೆ?"

ಅವಳು ತಟ್ಟೆಗಳನ್ನು ಒಂದರ ಮೇಲೊಂದು ಇಡತೊಡಗಿದಳು. ಒಂದು, ಎರಡು, ಮೂರು.

"ಮಾಮ" ಎಂದ ಮೆನಾಶೆ, ರುಮೇನಿಯನ್ನಿನಲ್ಲಿ.

"ಮೆನಾಶೆ." ನಿಮ್ರೋದನ ದನಿ. ಅದೇ ಹಳೆಯ ದನಿ.

"ಮಾಮ, ನು ಮ್ಯೆ ಫ್ವಾಮೆ."

ಹೇಳುವಾಗಲೇ ಅವನಿಗೆ ಗೊತ್ತಿತ್ತು. ಏಳನೇ ವಯಸ್ಸಿಗೆ ಆ ಭಾಷೆ ಬಿಟ್ಟ ಹುಡುಗ, ಬಸ್ಸಿನಲ್ಲಿ ಮೂರು ಹೆಜ್ಜೆ ದೂರ ನಿಲ್ಲುತ್ತಿದ್ದ ಹುಡುಗ, ಗೆಳೆಯರ ಜೊತೆ ಕಾಫಿ ಕುಡಿಯುತ್ತಾ ಈ ಮಾತನ್ನು ಯಾವ ಬೆಳಿಗ್ಗೆಯೂ ಆಡುವುದಿಲ್ಲ. ಇದನ್ನು ಹಗುರ ಮಾಡಿ ಹೊರತರುವ ದಾರಿಯಿಲ್ಲ.

ಆನೆತ್ತಾಳ ಕೈ ತಟ್ಟೆಗಳ ಮೇಲೇ ಉಳಿಯಿತು.

"ಇನ್ನೊಂದ್ಸಲ ಹೇಳು."

ಅವನು ಹೇಳಿದ. ಎಯಾಲ್ ಹೇಳಿದ ಹಾಗೆಯೇ, ಕೊನೆಯ ಶಬ್ದವನ್ನು ಸ್ವಲ್ಪ ಎಳೆದು.

"ಎಷ್ಟು ಸಲ ಹೇಳ್ದ?"

"ತುಂಬಾ ಸಲ."

"ಅರ್ಥ ಗೊತ್ತಾ ನಿನಗೆ?"

"ಇಲ್ಲ. ಕೇಳೋಕೆ ಭಯ ಆಗ್ತಿತ್ತು."

"ಅಮ್ಮಾ, ನನಗೆ ಹಸಿವಿಲ್ಲ." ಅವಳು ಅದನ್ನು ಹೀಬ್ರೂನಲ್ಲಿ ಹೇಳಿದಳು, ಮಗ್ಗಿ ಒಪ್ಪಿಸುವವಳ ಹಾಗೆ. "ಚಿಕ್ಕವನಿದ್ದಾಗ ಚಮಚ ಹಿಡ್ಕೊಂಡು ಈ ಮೇಜಿನ ಸುತ್ತ ಓಡಿಸ್ತಿದ್ದೆ. ಹಸಿವಿಲ್ಲ ಅಂತ ಓಡ್ತಿದ್ದ."

ಮಹಡಿಯ ಮೇಲೆ ಯಾರೋ ಕುರ್ಚಿ ಎಳೆದರು. ನಿಮ್ರೋದ್ ಏಳಲು ಹೋದ. "ಆನೆತ್ತಾ, ಅವತ್ತು ನಾವು..."

"ಕೂತ್ಕೋ." ಅವಳು ಅವನ ಕಡೆ ನೋಡಲಿಲ್ಲ. "ಎಷ್ಟು ಹೊತ್ತು, ಮೆನಾಶೆ?"

ಅವನು ಬಾಗಿಲನ್ನು ನೋಡಿದ. ಮೂರು ಹೆಜ್ಜೆ. ಯಾವ ಮೊಣಕಾಲೂ ಅಡ್ಡವಿರಲಿಲ್ಲ.

"ಎರಡೂ ಮುಕ್ಕಾಲು ಗಂಟೆ."

ಅವಳು ಮೇಜು ಹಿಡಿದು ಎದ್ದಳು. ಹೊಡೆಯುತ್ತಾಳೆ ಎಂದುಕೊಂಡ. ಹೊಡೆದಿದ್ದರೆ ಆಗುತ್ತಿತ್ತು. ಅವಳು ಬಾಗಿಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿದಳು. ಫೋನಿನ ತಂತಿಯನ್ನು ಗೋಡೆಯಿಂದ ಕಿತ್ತಳು. ಗಡಿಯಾರ ನೋಡಿದಳು. ಒಂದು ಗಂಟೆ ಹತ್ತು ನಿಮಿಷ.

"ನಾಲ್ಕಕ್ಕೆ ಐದು ನಿಮಿಷ ಇರೋತನಕ" ಎಂದಳು. ತನ್ನ ಕುರ್ಚಿಯನ್ನು ಅವರಿಬ್ಬರ ನಡುವೆ, ಅವರ ಮೊಣಕಾಲಿಗೆ ತಾಗುವಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತಳು. "ಕಡಿಮೆ ಮಾಡಬೇಡಿ. ಬೇಗ ಬೇಗ ಹೇಳಬೇಡಿ. ಅವನು ಸುಮ್ಮನಿದ್ದ ಕಡೆ ನೀವೂ ಸುಮ್ಮನಿರಿ. ನಿಮ್ರೋದ್, ಹಾಡಿದ ಕಡೆ ಹಾಡು."

ಸಿನೆಮಾದಲ್ಲಾಗಿದ್ದರೆ ಈ ಹೊತ್ತಿಗೆ ಅಳು ಬಂದಿರುತ್ತಿತ್ತು. ಮೆನಾಶೆ ಅದಕ್ಕಾಗಿ ಕಾದ. ಬರಲಿಲ್ಲ. ಅವಳ ಮುಖ ಬಹಳ ಹತ್ತಿರದಲ್ಲಿತ್ತು, ಉಸಿರಿನಲ್ಲಿ ಚೆರ್ರಿಯ ಹುಳಿ ವಾಸನೆ.

"ಮೊದಲು ಒಂದು ಸದ್ದಾಯ್ತು" ಎಂದ. "ಎಯಾಲ್ ನನ್ನ ಕಡೆ ತಿರುಗಿ, 'ಅದು ನಮಗೇ ಬಿತ್ತಾ?' ಅಂತ ಕೇಳ್ದ."

"ನೀನು ಏನಂದೆ?"

"ಇಲ್ಲ ಅಂದೆ."